ಎರಡು ತಿಂಗಳು ಈಜಿದರೂ ತೂಕ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ನನಗೆ 38 ವರ್ಷ, ತೂಕ 75 ಕೆ.ಜಿ. ಮಂಡಿ ನೋವಿನಿಂದಾಗಿ ಓಡುವುದನ್ನು ಬಿಟ್ಟು ಈಜು ಹಿಡಿದೆ. ವಾರಕ್ಕೆ ನಾಲ್ಕು ದಿನ, ಬೆಳಗಿನ 45 ನಿಮಿಷದ ಬ್ಯಾಚ್. ಎರಡು ತಿಂಗಳಾದರೂ ತೂಕ ಇಳಿದಿಲ್ಲ, ಹಸಿವು ಮಾತ್ರ ಜಾಸ್ತಿಯಾಗಿದೆ. ಈಜಿದರೆ ತೂಕ ಇಳಿಯುತ್ತದೆ ಅನ್ನುವುದು ನಿಜವೇ?

ಉತ್ತರ: ನಿಜ. ಆದರೆ ಕೊಳದಲ್ಲಿ ಕಳೆದ ಹೊತ್ತೆಲ್ಲ ಈಜಿದ ಹೊತ್ತಲ್ಲ. ನಾಳೆ ಒಂದು ದಿನ ಲೆಂಗ್ತ್ (ಕೊಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಸಲ ಈಜುವುದು) ಎಣಿಸಿ ನೋಡಿ. ಷವರ್, ನೀರಿಗಿಳಿಯುವ ಮುಂಚಿನ ಹಿಂಜರಿಕೆ, ಗೋಡೆ ಹಿಡಿದು ನಿಂತು ಪಕ್ಕದವರೊಡನೆ ಮಾತು, ಗಾಗಲ್ಸ್ ಸರಿಪಡಿಸಿಕೊಳ್ಳುವುದು ಇವನ್ನೆಲ್ಲ ಕಳೆದರೆ ಹೊಸಬರು 45 ನಿಮಿಷದಲ್ಲಿ ಕೈಕಾಲು ಆಡಿಸುವುದು ಹೆಚ್ಚೆಂದರೆ 15 ನಿಮಿಷ. 25 ಮೀಟರ್ ಕೊಳದಲ್ಲಿ ನಿಮ್ಮ ಲೆಕ್ಕ 16 ಲೆಂಗ್ತ್ ದಾಟದಿದ್ದರೆ ನೀವು ಈಜಿದ್ದು 400 ಮೀಟರ್ ಮಾತ್ರ.

ಈಗ ಕ್ಯಾಲೊರಿ ಲೆಕ್ಕಕ್ಕೆ ಬರೋಣ. ಸುಮ್ಮನೆ ಕೂತಿದ್ದರೂ ಖರ್ಚಾಗುವುದನ್ನು ಕಳೆದರೆ, 75 ಕೆ.ಜಿ.ಯವರಿಗೆ ನಿಧಾನ ಫ್ರೀಸ್ಟೈಲ್‌ನಲ್ಲಿ (ಬೋರಲಾಗಿ, ಕೈಗಳನ್ನು ಒಂದಾದ ಮೇಲೊಂದು ಮುಂದಕ್ಕೆ ಬೀಸುವ ಈಜು) ಗಂಟೆಗೆ ಸುಮಾರು 360 ಕ್ಯಾಲೊರಿ ಖರ್ಚಾಗುತ್ತದೆ. ಆರಾಮದ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ (ಕಪ್ಪೆಯಂತೆ ಕಾಲು ಒದೆಯುವ ಈಜು) 320, ಏದುಸಿರು ಬರುವಷ್ಟು ವೇಗದ ಫ್ರೀಸ್ಟೈಲ್‌ನಲ್ಲಿ 650ರ ಆಸುಪಾಸು. ಬಿರುಸು ನಡಿಗೆಗೆ ಇದೇ ಲೆಕ್ಕದಲ್ಲಿ 250. ಅಂದರೆ 15 ನಿಮಿಷದ ನಿಧಾನ ಈಜಿಗೆ ಸಿಗುವುದು 90 ಕ್ಯಾಲೊರಿ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ವಾರಕ್ಕೆ ನಾಲ್ಕು ದಿನ ತಲಾ 90ರಂತೆ ಹೋದರೆ, ಊಟ ಒಂದು ತುತ್ತೂ ಹೆಚ್ಚಾಗದಿದ್ದರೂ, ಒಂದು ಕೆ.ಜಿ.ಗೆ ಐದು ತಿಂಗಳು ಬೇಕು. ಅದೇ 40 ನಿಮಿಷ ನಿಜವಾಗಿ ಈಜಿದರೆ ಎರಡು ತಿಂಗಳೊಳಗೆ ಅದೇ ಕೆಲಸ ಆಗುತ್ತದೆ.

ಹಸಿವಿನ ಬಗ್ಗೆ ನೀವು ಬರೆದದ್ದು ನಿಮ್ಮ ಭ್ರಮೆಯಲ್ಲ. ನೆಲದ ಮೇಲೆ ಓಡಿದಾಗ ಮೈ ಬಿಸಿಯಾಗಿ ಸ್ವಲ್ಪ ಹೊತ್ತು ಹಸಿವು ಅಡಗುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಸೆಳೆಯುತ್ತದೆ, ಹಾಗಾಗಿ ತಣ್ಣೀರಿನಿಂದ ಎದ್ದು ಬಂದವರಿಗೆ ಹೊಟ್ಟೆ ಬೇರೆಯೇ ಥರ ಕೂಗುತ್ತದೆ. ಫ್ಲಾರಿಡಾ ವಿಶ್ವವಿದ್ಯಾಲಯದ 2005ರ ಒಂದು ಪ್ರಯೋಗದಲ್ಲಿ 20 ಡಿಗ್ರಿ ನೀರಿನಲ್ಲಿ ಸೈಕಲ್ ತುಳಿದವರು, 33 ಡಿಗ್ರಿ ನೀರಿನಲ್ಲಿ ತುಳಿದವರಿಗಿಂತ ಶೇ. 40ಕ್ಕೂ ಹೆಚ್ಚು ತಿಂದರು. ಡಿಸೆಂಬರ್-ಜನವರಿಯ ಬೆಂಗಳೂರಿನಲ್ಲಿ, ನೀರು ಕಾಯಿಸದ ಬಯಲು ಕೊಳದಲ್ಲಿ ಬೆಳಗ್ಗೆ ಆರಕ್ಕೆ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗೆ ಬಂದ ಕೂಡಲೇ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ ಆದರೆ ಸುಲಭವಾಗಿ 400 ಕ್ಯಾಲೊರಿ ದಾಟುತ್ತದೆ. 90 ಖರ್ಚು ಮಾಡಿ 400 ತುಂಬಿಸಿಕೊಂಡಂತಾಯಿತು.

ಹಸಿದುಕೊಂಡೇ ಇರಿ ಎಂದು ನಾವು ಹೇಳುವುದಿಲ್ಲ, ಅದು ನಾಲ್ಕು ದಿನವೂ ನಡೆಯದು. ಈಜುವ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು ತಿನ್ನಿ. ಎದ್ದ ಮೇಲೆ ಒಣ ಬಟ್ಟೆ ಹಾಕಿಕೊಂಡು ಹತ್ತು ನಿಮಿಷ ಚುರುಕಾಗಿ ನಡೆದು, ಮೈ ಬೆಚ್ಚಗಾದ ಮೇಲೆ ತಟ್ಟೆ ಮುಂದೆ ಕೂರಿ. ತಿಂಡಿ ಮನೆಯಲ್ಲಿ ಮೊದಲೇ ತೀರ್ಮಾನವಾಗಿರಲಿ: ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳಿನ ಉಸಲಿ, ಜೊತೆಗೆ ಎರಡು ಇಡ್ಲಿ. ಪ್ರೋಟೀನ್ ಇದ್ದರೆ ಹನ್ನೊಂದು ಗಂಟೆಗೆ ಮತ್ತೆ ಬೇಕರಿ ಕಡೆ ಕಾಲು ಎಳೆಯುವುದಿಲ್ಲ.

ಇನ್ನು ನೀರಿನೊಳಗಿನ ಕೆಲಸ. ನಿಲ್ಲದೆ ಹತ್ತು ಲೆಂಗ್ತ್ ಹೋಗಲು ಹೊರಟು ಮೂರರಲ್ಲೇ ಸುಸ್ತಾಗುವ ಬದಲು ಗಡಿಯಾರ ಹಿಡಿದು ಈಜಿ. ನಾಲ್ಕು ಲೆಂಗ್ತ್ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ನಿಮಿಷಕ್ಕೊಂದು ಲೆಂಗ್ತ್: 25 ಮೀಟರ್ 40 ಸೆಕೆಂಡಿನಲ್ಲಿ ಮುಗಿದರೆ 20 ಸೆಕೆಂಡ್ ವಿಶ್ರಾಂತಿ, ಮುಂದಿನ ನಿಮಿಷ ಶುರುವಾದ ಕೂಡಲೇ ಮತ್ತೆ ಗೋಡೆ ತಳ್ಳಿ ಹೊರಡುವುದು. ಮೊದಲ ವಾರ ಇಂಥ 12 ಸಾಕು. ವಾರಕ್ಕೆ ಎರಡೆರಡು ಹೆಚ್ಚಿಸುತ್ತ 30ಕ್ಕೆ ಮುಟ್ಟಿದರೆ ಅರ್ಧ ಗಂಟೆಯಲ್ಲಿ 750 ಮೀಟರ್ ಆಯಿತು, ಮಾತಿಗೆ ಜಾಗವೇ ಇಲ್ಲ. 30 ಸುಲಭವಾದಾಗ ಪ್ರತಿ ನಾಲ್ಕನೆಯ ಲೆಂಗ್ತ್ ಜೋರಾಗಿ ಈಜಿ. ವೇಗ ದುಪ್ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಸ್ವಲ್ಪ ವೇಗ ಹೆಚ್ಚಿಸಿದರೂ ಖರ್ಚು ಬಹಳ ಏರುತ್ತದೆ. ಈ ಹೆಜ್ಜೆ ಬಿಡಬೇಡಿ. ಈಜು ನಯವಾದಷ್ಟೂ ಅದೇ ದೂರಕ್ಕೆ ಶಕ್ತಿ ಕಡಿಮೆ ಸಾಕಾಗುತ್ತದೆ, ಆರು ತಿಂಗಳು ಅದೇ 20 ಲೆಂಗ್ತ್ ಹೊಡೆಯುವವರ ತೂಕ ಒಂದೆಡೆ ನಿಲ್ಲಲು ಇದೂ ಒಂದು ಕಾರಣ.

“ದಮ್ಮು ಸಾಲುವುದಿಲ್ಲ” ಅನ್ನುವವರಲ್ಲಿ ಹೆಚ್ಚಿನವರಿಗೆ ಕೊರತೆ ಇರುವುದು ದಮ್ಮಿನದಲ್ಲ. ಅವರು ನೀರಿನಲ್ಲಿ ಮುಖ ಇಟ್ಟಾಗ ಉಸಿರು ಬಿಗಿಹಿಡಿದು, ಮುಖ ಹೊರಗೆ ಬಂದ ಅರೆಕ್ಷಣದಲ್ಲಿ ಬಿಡುವುದು, ಎಳೆಯುವುದು ಎರಡನ್ನೂ ಮಾಡಲು ಹೋಗುತ್ತಾರೆ. ಹಳೆಯ ಗಾಳಿ ಪೂರ್ತಿ ಹೊರಹೋಗಿರುವುದಿಲ್ಲ, ಎರಡೇ ಲೆಂಗ್ತ್‌ಗೆ ಎದೆ ಕಟ್ಟುತ್ತದೆ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು ಬಾಯಿಯಿಂದ ಗುಳ್ಳೆ ಬರುತ್ತಲೇ ಇರಲಿ, ಹೊರಗೆ ಬಂದಾಗ ಎಳೆಯುವುದಷ್ಟೇ ಕೆಲಸ. ಕಣ್ಣು ಕೊಳದ ತಳದ ಕಪ್ಪು ಗೆರೆಯ ಮೇಲಿರಲಿ. ಮುಂದೆ ನೋಡಲು ತಲೆ ಎತ್ತಿದರೆ ಸೊಂಟ, ಕಾಲು ಮುಳುಗುತ್ತವೆ, ಇಡೀ ಮೈಯನ್ನು ಓರೆಯಾಗಿ ಎಳೆದುಕೊಂಡು ಹೋಗಬೇಕಾಗುತ್ತದೆ. ಉಸಿರಿಗೆ ತಿರುಗುವಾಗ ಒಂದು ಕಣ್ಣಿನ ಗಾಗಲ್ ನೀರಿನಲ್ಲೇ ಉಳಿದರೆ ತಲೆ ಸರಿಯಾದ ಮಟ್ಟದಲ್ಲಿದೆ ಎಂದರ್ಥ.

ತೂಕವನ್ನು ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ. ಜೊತೆಗೆ ಹೊಕ್ಕುಳ ಮಟ್ಟದಲ್ಲಿ ಟೇಪ್ ಹಿಡಿದು ಸೊಂಟದ ಅಳತೆಯನ್ನೂ ಬರೆದಿಡಿ, ಕೆಲವೊಮ್ಮೆ ಮೊದಲು ಬದಲಾಗುವುದು ಅದೇ. ಮೂಳೆ ಗಟ್ಟಿಯಾಗಿರಲು ಅದರ ಮೇಲೆ ಭಾರ ಬೀಳಬೇಕು, ಈಜು ಆ ಭಾರ ಹಾಕುವುದಿಲ್ಲ. ಹಾಗಾಗಿ ಉಳಿದ ಮೂರು ದಿನಗಳಲ್ಲಿ ಎರಡು ದಿನವಾದರೂ ನಡಿಗೆ, ಜೊತೆಗೆ ಗೋಡೆಗೆ ಕೈಕೊಟ್ಟು ಪುಷ್‌ಅಪ್‌ನಂಥ ಭಾರದ ವ್ಯಾಯಾಮ ಇರಲಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು, ಕೊಳದ ದಂಡೆಯ ಮೇಲೆ ಗ್ಲುಕೋಸ್ ಇಟ್ಟಿರಬೇಕು. ಮೂರ್ಛೆ ರೋಗ ಇರುವವರು ಒಬ್ಬರೇ ಇಳಿಯಲೇಬಾರದು.

ನಿಮ್ಮ ಮಂಡಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನ ಮೊದಲು ಕಲಿಯುವುದು ಬ್ರೆಸ್ಟ್‌ಸ್ಟ್ರೋಕ್. ಅದರ ಕಪ್ಪೆ ಒದೆತದಲ್ಲಿ ಮಂಡಿಯ ಒಳಬದಿ ಪ್ರತಿ ಸಲ ಸೆಳೆಯುತ್ತದೆ. ನೋವು ಒಳಬದಿಯಲ್ಲೇ ಇದ್ದು, ಈಜಿದ ದಿನ ಸಂಜೆ ಹೆಚ್ಚಾಗುತ್ತಿದ್ದರೆ ಆ ಒದೆತ ನಿಲ್ಲಿಸಿ ಫ್ರೀಸ್ಟೈಲ್ ಅಥವಾ ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್‌ಗೆ ಬದಲಾಯಿಸಿ. ಒದೆತ ತೊಡೆಯ ಬುಡದಿಂದ ಬರಲಿ, ಪಾದದ ಕೀಲು ಸಡಿಲವಾಗಿರಲಿ. ಫ್ರೀಸ್ಟೈಲ್ ಕೂಡುವವರೆಗೆ ಎದೆಮಟ್ಟದ ನೀರಿನಲ್ಲಿ ಕೈ ಬೀಸಿ ಬಿರುಸಾಗಿ ನಡೆಯಿರಿ, ಅಲ್ಲಿ ಕಾಲಿನ ಮೇಲೆ ಬೀಳುವುದು ಮೈತೂಕದ ಮೂರನೆಯ ಒಂದು ಭಾಗದಷ್ಟೇ.