ಹೈಫಾಗೆ ಹೊರಟ ಶಾಸಕರು ಮೊದಲು ತುಂಬಬೇಕಾದ ಫಾರಂ

"ಟಿಕೆಟ್ಟು, ಹೋಟೆಲ್ಲು ಎಲ್ಲಾ ಅವರದ್ದೇ ಸಾರ್. ನಮ್ಮ ಸಾಹೇಬ್ರು ಹೋಗಿ ಹೂವಿನ ಚಕ್ರ ಇಟ್ಟು, ನಮಸ್ಕಾರ ಮಾಡಿ ಬರೋದಷ್ಟೇ."

ಇಸ್ರೇಲಿನ ಹೈಫಾದಂಥ ಹೊರದೇಶದ ಊರಿನಿಂದ, ಮೊದಲ ಮಹಾಯುದ್ಧದಲ್ಲಿ ಮಡಿದ ನಮ್ಮ ಯೋಧರ ಸ್ಮರಣೆಗೆ ಕರೆ ಬಂದಾಗ ಶಾಸಕರ ಆಪ್ತ ಸಹಾಯಕರು ಹೇಳುವ ಮಾತಿದು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಕೆಲಸ ನೋಡುವ ಮೈಸೂರಿನ ವಕೀಲನಾಗಿ ನಾನು ತಕ್ಷಣ ಕೇಳುವುದು ಒಂದೇ: ಅವರು ಅಂದ್ರೆ ಯಾರು?

ಉತ್ತರದ ಮೇಲೆ ಎಲ್ಲವೂ ನಿಂತಿದೆ. 2010ರ ಈ ಕಾಯ್ದೆಯ 6ನೇ ಕಲಂ ಪ್ರಕಾರ ಶಾಸನಸಭೆಯ ಸದಸ್ಯರು ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹೊರದೇಶದಲ್ಲಿ ವಿದೇಶಿ ಆತಿಥ್ಯ ಪಡೆಯುವ ಹಾಗಿಲ್ಲ. ಆತಿಥ್ಯ ಅಂದರೆ ವಿಮಾನದ ಖರ್ಚು, ಉಚಿತ ಊಟ, ವಸತಿ, ಓಡಾಟ, ಚಿಕಿತ್ಸೆ. ಕರೆದವರು ಅಲ್ಲಿನ ಸರ್ಕಾರವೇ ಆಗಬೇಕಿಲ್ಲ. ಅಲ್ಲೇ ನೋಂದಣಿಯಾದ ಕನ್ನಡ ಸಂಘವೂ ಕಾನೂನಿನ ಕಣ್ಣಿಗೆ ವಿದೇಶಿ ಮೂಲವೇ. "ನಮ್ಮೋರೇ ಅಲ್ವಾ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಸ್ವಂತ ದುಡ್ಡಿನಲ್ಲಿ ಹೋಗಿ, ಸ್ವಂತ ದುಡ್ಡಿನಲ್ಲೇ ಉಳಿದರೆ ಈ ಅನುಮತಿ ಬೇಡ.

ಜಾಸ್ತಿ ಜನರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಈ ಕಾಯ್ದೆ ಶಾಸನಸಭೆ ಅನ್ನುವಾಗ ನಗರಸಭೆ, ಪಂಚಾಯಿತಿಗಳನ್ನೂ ಸೇರಿಸಿಕೊಂಡಿದೆ. ಮಂಡ್ಯದ ಶಾಸಕರ ಜೊತೆ ಅದೇ ಕ್ಷೇತ್ರದ ಗ್ರಾಮ ಪಂಚಾಯಿತಿ ಸದಸ್ಯರೊಬ್ಬರು ಹೊರಟರೆ ಅವರೂ ಬೇರೆ ಅರ್ಜಿ ಹಾಕಬೇಕು. ನಿಯೋಗದ ಪಟ್ಟಿಯಲ್ಲಿ ಹೆಸರಿದೆ ಅಂತ ಸುಮ್ನೆ ಕೂರಬಾರದು.

ಅರ್ಜಿ ಎಫ್‌ಸಿ-2 ನಮೂನೆಯಲ್ಲಿ, ಕೇಂದ್ರ ಗೃಹ ಸಚಿವಾಲಯಕ್ಕೆ. ಹೊರಡುವ ದಿನಕ್ಕಿಂತ ಕನಿಷ್ಠ ಎರಡು ವಾರ ಮೊದಲೇ ತಲುಪಿರಬೇಕು. ಆಹ್ವಾನ ಪತ್ರ ಲಗತ್ತಿಸಿ. ಯಾರು ಏನೇನು ಖರ್ಚು ಕೊಡುತ್ತಾರೆ ಎಂಬುದು ಆ ಪತ್ರದಲ್ಲೇ ಬಿಡಿಸಿ ಬರೆದಿದ್ದರೆ ಅರ್ಧ ತಲೆನೋವು ಕಳೆದ ಹಾಗೆ. "ತಮ್ಮ ಆಗಮನವೇ ನಮ್ಮ ಭಾಗ್ಯ" ಎಂಬಂಥ ಪತ್ರಗಳನ್ನು ನಾನು ವಾಪಸ್ ಕಳಿಸಿ ಬೇರೆ ತರಿಸುತ್ತೇನೆ. ಸರ್ಕಾರಿ ಪ್ರವಾಸಕ್ಕೆ ವಿದೇಶಾಂಗ ಸಚಿವಾಲಯದ ಒಪ್ಪಿಗೆಯೂ ಬೇಕು. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಬಿಡುವಂತಿಲ್ಲ. ಅಲ್ಲಿ ಹೋದ ಮೇಲೆ ದಿಢೀರ್ ಆರೋಗ್ಯ ಕೆಟ್ಟು ಅವರ ಖರ್ಚಿನಲ್ಲಿ ಚಿಕಿತ್ಸೆ ಪಡೆದರೆ ಮೊದಲೇ ಅನುಮತಿ ಬೇಡ, ಆದರೆ ಒಂದು ತಿಂಗಳೊಳಗೆ ಕೇಂದ್ರಕ್ಕೆ ತಿಳಿಸಬೇಕು. ವೇದಿಕೆಯಲ್ಲಿ ಹಣದ ಹಮ್ಮಿಣಿ ಕೊಡಲು ಬಂದರೆ ಕೈಮುಗಿದು ಬೇಡ ಅನ್ನಿ.

ಇಷ್ಟೆಲ್ಲಾ ರಗಳೆ ಪಟ್ಟುಕೊಂಡು ಹೋಗಬೇಕಾ? ಹೈಫಾ ವಿಷಯದಲ್ಲಿ ಹೋಗಬೇಕು ಅನ್ನುವವನು ನಾನು. ಆ ಊರಿನ ಮೇಲೆ ಮೈಸೂರಿಗೆ ಹಕ್ಕಿದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಲ್ಲಿನ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ತುರ್ಕರ ವಿರುದ್ಧ ಹೋರಾಡಲು 1914ರಲ್ಲಿ ಹಡಗು ಹತ್ತಿ ಈಜಿಪ್ಟ್‌ಗೆ ಹೋಯಿತು. ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ದಿನ ಅದೂ ಕಣದಲ್ಲಿತ್ತು. ಶಾಸಕರ ಭಾಷಣಗಳು ಎಡವುವುದು ಇಲ್ಲೇ. ಹೈದರಾಬಾದ್, ಜೋಧಪುರ, ಮೈಸೂರು ಈ ಮೂರು ಸಂಸ್ಥಾನಗಳ ಕುದುರೆಗಳೂ ಒಟ್ಟಿಗೆ ಊರೊಳಗೆ ನುಗ್ಗಿದವು ಅಂತ ಬರೆದುಕೊಂಡು ಬರುತ್ತಾರೆ. ಹಾಗಲ್ಲ. ಊರಿನ ಕಡೆ ಮೊದಲು ನುಗ್ಗಿದ್ದು ಜೋಧಪುರದವರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಪ್ರಾಣಬಿಟ್ಟರು. ಮೈಸೂರಿನವರಲ್ಲಿ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಶತ್ರುವಿನ ಫಿರಂಗಿಗಳ ಮೇಲೆ ಬಿತ್ತು. ಉಳಿದವರು ಕೆಳಗಿಂದ ಗುಂಡು ಹಾರಿಸಿ ಜೋಧಪುರದವರಿಗೆ ಆಸರೆಯಾಗಿ, ಆಮೇಲೆ ಅವರ ಹಿಂದೆಯೇ ಊರು ಹೊಕ್ಕರು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳವು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ನಮ್ಮ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ. ಹೈಫಾಗೆ ಹೋಗುವವರು ಅಲ್ಲಿಗೊಮ್ಮೆ ಹೋಗಿ ಬಂದರೆ ಚೆನ್ನ, ಅದಕ್ಕೆ ಯಾವ ಫಾರಂ ಕೂಡ ಬೇಡ.

ಇನ್ನು ಹೆಸರುಗಳು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಪಡೆಯ ಹೆಸರು ಹಾಕಿ ಹುಡುಕಿದರೆ ಸತ್ತವರ ವಿವರ ಪುಕ್ಕಟೆ ಸಿಗುತ್ತದೆ. ಕೆಲವರದ್ದು ತಂದೆಯ ಹೆಸರು, ಊರಿನ ಸಮೇತ. ಹಿಂದೂ ಯೋಧರ ಸಮಾಧಿ ಕಲ್ಲಿನ ಮೇಲೆ ನಾಗರಿ ಲಿಪಿಯಲ್ಲಿ "ಓಂ ಭಗವತೇ ನಮಃ" ಎಂದು ಕೆತ್ತಿಸುವ ಪದ್ಧತಿ ಆಯೋಗದ್ದು. ದಹನವಾದವರಿಗೆ ಸಮಾಧಿ ಇರುವುದಿಲ್ಲ, ಸ್ಮಾರಕದ ಮೇಲೆ ಹೆಸರು ಮಾತ್ರ. ಕಷ್ಟವೇನೆಂದರೆ, ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಂಡವರು ಕಿವಿಗೆ ಕೇಳಿಸಿದಂತೆ ಬರೆದಿದ್ದಾರೆ. ಹಾಗಾಗಿ ಒಂದೇ ಹೆಸರನ್ನು ನಾಲ್ಕೈದು ಥರ ಹಾಕಿ ನೋಡಬೇಕು. ಊರಿನ ಹೆಸರು ಅರ್ಥವಾಗದಿದ್ದರೆ ಹಳೇ ತಾಲ್ಲೂಕು ನಕ್ಷೆ ಬಲ್ಲ ಗ್ರಾಮ ಆಡಳಿತಾಧಿಕಾರಿಯನ್ನೋ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ಊರ ಹಿರಿಯರನ್ನೋ ಕೇಳಿ.

ನಿಮ್ಮ ಕ್ಷೇತ್ರದ ಊರೊಂದು ಪಟ್ಟಿಯಲ್ಲಿ ಸಿಕ್ಕರೆ ಅದನ್ನು ಎಫ್‌ಸಿ-2ರಲ್ಲಿ ಭೇಟಿಯ ಉದ್ದೇಶ ಬರೆಯುವ ಜಾಗದಲ್ಲೇ ಹಾಕಿ. "ಸಾಂಸ್ಕೃತಿಕ ವಿನಿಮಯ" ಅಂತ ಬರೆಯುವುದಕ್ಕಿಂತ ಅದು ಎಷ್ಟೋ ವಾಸಿ, ಆಮೇಲೆ ಭಾಷಣ ಬರೆಯುವವರಿಗೂ ಕೆಲಸ ಹಗುರ.