ಇಂಡಿಕೇಟರ್ ಅವಸರ ಮಾಡಿದರೆ ಬಲ್ಬ್ ಬಿಚ್ಚಿ ನೋಡಿ

ಜುಲೈ ಮಳೆ. ಪುಣೆಯ ಚಿಂಚವಾಡದಲ್ಲಿ ನಮ್ಮ ಮನೆ ಕೆಳಗೆ ಬೈಕ್ ನಿಲ್ಲಿಸಿ ವಿಜಯಪುರದ ಗೆಳೆಯ ಕೂಗಿದ. "ಅಣ್ಣಾ, ಎಡಗಡೆ ಇಂಡಿಕೇಟರ್ ಟಕಟಕ ಅಂತ ಓಡಾಕತ್ತೈತಿ ನೋಡ್ರಿ. ಅಮಾಸಿ ದಿನ ಗಾಡಿ ಹೊರಗ ತಗದೆ, ಅವತ್ತಿಂದ ಹಿಂಗ."

ಹ್ಯಾಂಡಲಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದ. ಗ್ಯಾರೇಜಿನಲ್ಲಿ ಇಂಡಿಕೇಟರನ್ನು ಮಿಣುಕಿಸುವ ಫ್ಲ್ಯಾಶರ್ ಕೂಡ ಬದಲಿಸಿದ್ದರು. ಆದರೆ ಹಿಂದಿನ ಬಲ್ಬನ್ನು ಯಾರೂ ಬಿಚ್ಚಿರಲಿಲ್ಲ. ನನಗೆ ಚಿಂತೆಯಾಗಿದ್ದು ಅದಕ್ಕೇ. ಕಾತ್ರಜ್ ಘಾಟಿನ ಮಳೆಯಲ್ಲಿ ಹಿಂದೆ ಬರುವ ಲಾರಿಯವನಿಗೆ ಕಾಣಬೇಕಾದ್ದು ಆ ಬಲ್ಬೇ ಅಲ್ವಾ?

ಇಂಡಿಕೇಟರ್ ಬೇಗಬೇಗ ಮಿಣುಕಿದ ಕೂಡಲೇ ಫ್ಲ್ಯಾಶರ್ ಕೆಟ್ಟಿದೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. 12 ವೋಲ್ಟಿನಲ್ಲಿ 10 ವಾಟಿನ ಬಲ್ಬ್ ಸುಮಾರು 0.83 ಆಂಪಿಯರ್ ಎಳೆಯುತ್ತದೆ. ಮುಂದೊಂದು, ಹಿಂದೊಂದು ಸೇರಿ 1.67. ಇದೆಲ್ಲಾ ಫ್ಲ್ಯಾಶರ್ ಮೂಲಕವೇ ಹೋಗಬೇಕು. ಈಗಿನ ಎಲೆಕ್ಟ್ರಾನಿಕ್ ಫ್ಲ್ಯಾಶರ್‌ಗಳಲ್ಲಿ ಹಲವು ಈ ಕರೆಂಟನ್ನು ಅಳೆಯುತ್ತಲೇ ಇರುತ್ತವೆ. ಒಂದು ಬಲ್ಬ್ ಹತ್ತದೆ ಅದು ಅರ್ಧಕ್ಕಿಳಿದರೆ ಮಿಣುಕುವ ವೇಗವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡುತ್ತವೆ. ಬಾವಿಯಿಂದ ನೀರು ಸೇದುವಾಗ ಹಗ್ಗ ಹಗುರವಾದರೆ ಕೊಡ ಕಳಚಿತು ಅಂತ ಕೈಗೇ ತಿಳಿಯುತ್ತದಲ್ಲ, ಬಗ್ಗಿ ನೋಡಬೇಕಾಗಿಲ್ಲ. ಒಂದೇ ತೂಬಿನಿಂದ ಎರಡು ಗದ್ದೆಗೆ ನೀರು ಬಿಟ್ಟಾಗ ಒಂದು ಕಾಲುವೆ ಕಟ್ಟಿಕೊಂಡರೂ ಹಾಗೇ, ತೂಬಿನ ಹತ್ತಿರ ನಿಂತವನಿಗೇ ಗೊತ್ತಾಗುತ್ತದೆ.

ಹಳೇ ಗಾಡಿಗಳ ಫ್ಲ್ಯಾಶರ್ ಇನ್ನೂ ಚೆಂದ. ಒಳಗೆ ಎರಡು ಲೋಹ ಬೆಸೆದ ಪಟ್ಟಿ. ಕರೆಂಟ್ ಹರಿದರೆ ಬಿಸಿಯಾಗಿ ಬಾಗುತ್ತದೆ, ದೀಪ ಆರುತ್ತದೆ. ತಣ್ಣಗಾದರೆ ನೆಟ್ಟಗಾಗುತ್ತದೆ, ದೀಪ ಹತ್ತುತ್ತದೆ. ಈ ಪಟ್ಟಿ 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಮಾಡಿದ್ದು. ಹಡಗಿನ ಗಡಿಯಾರ ಸೆಕೆ, ಚಳಿ ಎರಡರಲ್ಲೂ ಒಂದೇ ವೇಗದಲ್ಲಿ ನಡೆಯಲಿ ಅಂತ. ಇಂಥ ಫ್ಲ್ಯಾಶರ್ ಇರುವ ಗಾಡಿಯಲ್ಲಿ ಒಂದು ಬಲ್ಬ್ ಹೋದರೆ ಪಟ್ಟಿಗೆ ಬಿಸಿ ಸಾಲದೆ ದೀಪ ನಿಧಾನವಾಗುತ್ತದೆ, ಇಲ್ಲವೇ ಆರದೇ ಉರಿಯುತ್ತದೆ.

ಹಿಂದಿನ ಬಲ್ಬನ್ನು ಒತ್ತಿ, ತಿರುಗಿಸಿ ತೆಗೆದೆ. ಬಲ್ಬಿನೊಳಗಿನ ತಂತಿ ಗಟ್ಟಿಯಾಗಿತ್ತು. ಹೋಲ್ಡರ್ ಒಳಗಿನ ಹಿತ್ತಾಳೆ ಮೊಳೆಯ ಮೇಲೆ ಮಾತ್ರ ಹಸಿರು ಕಿಲುಬು, ಸುತ್ತ ತುಕ್ಕು. ಮಳೆನೀರಿನ ಕೆಲಸ. ಉಪ್ಪುಕಾಗದದಿಂದ ಉಜ್ಜಿದೆ, ಅರ್ಥಿಂಗ್ ವೈರ್ ಬಿಗಿ ಮಾಡಿದೆ, ಚೂರು ವ್ಯಾಸಲೀನ್ ಸವರಿದೆ.

ಎಲ್ಇಡಿ ಹಾಕಿಸಿದವರಿಗೂ ಇದೇ ಗೋಳು. ಅದು ಎಳೆಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಫ್ಲ್ಯಾಶರ್ ಬಲ್ಬೇ ಇಲ್ಲ ಅಂದುಕೊಳ್ಳುತ್ತದೆ. ಎಲ್ಇಡಿಗೆಂದೇ ಮಾಡಿದ ಫ್ಲ್ಯಾಶರ್ ಹಾಕಿಸಿ. ಜೊತೆಗೆ ರೆಸಿಸ್ಟರ್ ಕೊಟ್ಟರೂ ನಡೆಯುತ್ತದೆ, ಆದರೆ ಅದು ಸುಮ್ನೆ ಕರೆಂಟ್ ತಿಂದು ಬಿಸಿಯಾಗುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ.

ಬಿಚ್ಚಿದ್ದ ಹಳೇ ಫ್ಲ್ಯಾಶರ್ ಗೆಳೆಯನ ಸೀಟಿನ ಕೆಳಗೇ ಇತ್ತು. ಅದನ್ನೇ ಮತ್ತೆ ಹಾಕಿ ಎಣಿಸಿದೆವು. 20 ಸೆಕೆಂಡಿಗೆ 28 ಸಲ, ಅಂದರೆ ನಿಮಿಷಕ್ಕೆ 84. ಇರಬೇಕಾದ್ದು 60ರಿಂದ 120.