ಹುಳಿ ಇಳಿಯುವ ಮುನ್ನ ಕೊಯ್ಲು

ಫೆಬ್ರವರಿ ಬಂದರೆ ನಂದಿ ಬೆಟ್ಟದ ಸುತ್ತಲಿನ ವೈನ್ ದ್ರಾಕ್ಷಿ ಬೆಳೆಗಾರರು ನನ್ನನ್ನು ಕೇಳುವುದು ಒಂದೇ ಮಾತು: ‘ಬ್ರಿಕ್ಸ್ ಎಷ್ಟು ಬಂದಿದೆ ಸರ್?’ ರಸದಲ್ಲಿರುವ ಸಕ್ಕರೆಯ ಅಳತೆ ಅದು. 22 ಬಂದರೆ ವೈನ್‌ನಲ್ಲಿ ಸುಮಾರು ಶೇ 12.5ರಷ್ಟು ಆಲ್ಕೋಹಾಲ್ ಎಂದು ಲೆಕ್ಕ ಹಾಕಬಹುದು. ಆದರೆ ಸಾವಿನ್ಯೋನ್ ಬ್ಲಾಂಕ್‌ನಂಥ ಬಿಳಿ ತಳಿಯಲ್ಲಿ ನಾನು ಮೊದಲು ನೋಡುವುದು ಹುಳಿಯನ್ನು. ಸಕ್ಕರೆ ಎರಡು ದಿನ ಬಿಟ್ಟು ಏರೀತು. ಇಳಿದ ಹುಳಿ ಮತ್ತೆ ಬರುವುದಿಲ್ಲ.

ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ. ಟಾರ್ಟಾರಿಕ್ ಆಮ್ಲ ಬಿಸಿಲಿಗೆ ಅಷ್ಟಾಗಿ ಜಗ್ಗುವುದಿಲ್ಲ. ಮ್ಯಾಲಿಕ್ ಆಮ್ಲವನ್ನು ಮಾತ್ರ ಕಾಯಿ ತನ್ನ ಉಸಿರಾಟಕ್ಕೇ ಖರ್ಚು ಮಾಡಿಕೊಳ್ಳುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ. ರಾತ್ರಿ ತಂಪಾಗಿದ್ದರೆ ಈ ಖರ್ಚು ತಗ್ಗುತ್ತದೆ. ಸುಮಾರು 900 ಮೀಟರ್ ಎತ್ತರದ ದೊಡ್ಡಬಳ್ಳಾಪುರದ ಕಡೆಯ ತೋಟಗಳಿಗೆ ಜನವರಿಯ ಚಳಿ ಕೊಡುವ ವರ ಇದೇ. 600 ಮೀಟರ್ ಆಸುಪಾಸಿನ ವಿಜಯಪುರದಲ್ಲಿ ಅದೇ ತಳಿ ನೆಟ್ಟರೆ ಸಕ್ಕರೆ ಬೇಗ ತುಂಬುತ್ತದೆ, ಹುಳಿಯೂ ಬೇಗ ಕರಗುತ್ತದೆ.

ಜರ್ಮನಿಯ ಮೊಸೆಲ್ ಕಣಿವೆಯಲ್ಲಿ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ ಮಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿ ಕಾದಷ್ಟೂ ರಾತ್ರಿಗಳು ತಣ್ಣಗಾಗುತ್ತವೆ. ನಮ್ಮಲ್ಲಿ ಹಣ್ಣು ಚಳಿಯಿಂದ ಬೇಸಿಗೆಯ ಕಡೆಗೆ ಮಾಗುತ್ತದೆ. ಹೀಗಾಗಿ ಅಲ್ಲಿಯವರ ತಾಳ್ಮೆಯನ್ನು ಇಲ್ಲಿ ಹಾಗೆಯೇ ಅನುಸರಿಸುವಂತಿಲ್ಲ. ಒಮ್ಮೆ 21 ಬ್ರಿಕ್ಸ್‌ನಲ್ಲಿ ಘಮಘಮಿಸುತ್ತಿದ್ದ ತೋಟವನ್ನು ಇನ್ನೊಂದು ಬ್ರಿಕ್ಸ್‌ನ ಆಸೆಗೆ ಎಂಟು ದಿನ ಬಿಟ್ಟೆ. ಬಿಸಿಲು ಏಕಾಏಕಿ ಏರಿತು. ಆಮೇಲೆ ಟಾರ್ಟಾರಿಕ್ ಪುಡಿ ಬೆರೆಸಿದರೂ ಆ ಹುಳಿ ವೈನ್‌ನೊಳಗೆ ಕೂಡಿಕೊಳ್ಳದೆ ನಾಲಿಗೆಯ ಮೇಲೆ ಬೇರೆಯಾಗಿಯೇ ನಿಂತಿತು. ಆ ಟ್ಯಾಂಕಿನ ನೆನಪು ಇವತ್ತಿಗೂ ನೋಯಿಸುತ್ತದೆ.

ಹಾಗೆಂದು ಅವಸರವೂ ಸಲ್ಲದು. ಎಳೆಯದರಲ್ಲೇ ಕೊಯ್ದರೆ ದೊಣ್ಣೆಮೆಣಸಿನಕಾಯಿಯ ಹಸಿ ವಾಸನೆ ವೈನ್‌ಗೆ ಹತ್ತುತ್ತದೆ. ಗೊಂಚಲಿಗೆ ಬೆಳಕು ಬಿದ್ದರೆ ಅದು ತಗ್ಗುತ್ತದೆ. ಅದಕ್ಕೇ ಸಾಲಿನ ಪೂರ್ವದ ಮಗ್ಗುಲಲ್ಲಿ ಮಾತ್ರ ಎಲೆ ತೆಗೆಸುತ್ತೇನೆ: ಎಳೆಬಿಸಿಲು ಸಿಗಬೇಕು, ಇಳಿಹೊತ್ತಿನ ಸುಡುಬಿಸಿಲು ತಾಗಬಾರದು. ಮತ್ತೆ ದಿನವೂ ಬೆಳಿಗ್ಗೆ ಬೇರೆ ಬೇರೆ ಸಾಲುಗಳ ಹಣ್ಣು ಕಿತ್ತು ಜಗಿಯುತ್ತೇನೆ. ಬೀಜ ಹಸಿರು ಕಳೆದು ಕಂದು ತಿರುಗಿರಬೇಕು, ಹಲ್ಲಿಗೆ ಸಿಕ್ಕರೆ ಪಟ್ಟೆಂದು ಒಡೆಯಬೇಕು. ಸಿಪ್ಪೆಯ ಒಗರು ಇಳಿದಿರಬೇಕು. ನುಂಗಿದ ಮೇಲೂ ಬಾಯಲ್ಲಿ ನೀರೂರುತ್ತಿರಬೇಕು.

ಕೊಯ್ಲಿನ ದಿನ ಬಹುಪಾಲು ಗೊತ್ತಾಗುವುದು ಸೆಪ್ಟೆಂಬರಿನ ಚಾಟನಿಯಲ್ಲೇ, ಅಂದರೆ ಬಳ್ಳಿ ಸವರುವಾಗಲೇ. ತೀರ ಮುಂಚೆ ಕತ್ತರಿ ಹಾಕಿದರೆ ಎಳೆ ಚಿಗುರು ಮಳೆಗೆ ಸಿಕ್ಕಿ ಬೂಜುರೋಗ ಹಿಡಿಯುತ್ತದೆ. ತಡವಾದರೆ ಹಣ್ಣು ಮಾಗುವ ಹೊತ್ತಿಗೆ ಚಳಿ ಶಿವಶಿವಾ ಎಂದು ಹೊರಟಿರುತ್ತದೆ. ನಾಲ್ಕೂವರೆ ತಿಂಗಳ ಲೆಕ್ಕ ಹಿಡಿದು, ಶಿವರಾತ್ರಿಗೆ ಮೊದಲೇ ಕೊಯ್ಲು ಮುಗಿಯುವಂತೆ ನೋಡಿಕೊಳ್ಳುತ್ತೇನೆ.

ಈಗೀಗ ಒಂದೇ ತೋಟವನ್ನು ಎರಡು ಸಲ ಕೊಯ್ಯಿಸುತ್ತಿದ್ದೇನೆ. ಹುಳಿ ಚುರುಕಾಗಿರುವಾಗ ಅರ್ಧ, ಐದಾರು ದಿನ ಬಿಟ್ಟು ಸೀಬೆಹಣ್ಣಿನ ಪರಿಮಳ ಬಂದ ಮೇಲೆ ಉಳಿದರ್ಧ. ಎರಡೂ ಸಲ ಬಿಸಿಲೇರುವ ಮೊದಲೇ ಕ್ರೇಟುಗಳು ತೋಟ ಬಿಟ್ಟಿರುತ್ತವೆ. ಟ್ಯಾಂಕ್ ಬೇರೆ ಬೇರೆ; ಎಷ್ಟಕ್ಕೆಷ್ಟು ಬೆರೆಸಬೇಕೆಂಬುದನ್ನು ಏಪ್ರಿಲ್‌ನಲ್ಲಿ ರುಚಿ ನೋಡಿ ತೀರ್ಮಾನಿಸುತ್ತೇನೆ.